ಮೋಡೆಮ್ ಯಾರದ್ದು? ಫೋನ್ ಕಂಪೆನಿಗಳ ಗೆಳೆತನ, ಜಗಳ ಮತ್ತು ಸ್ವಲ್ಪ ಲೆಕ್ಕ

ಮಕ್ಕಳೇ, ಮನೆಯಲ್ಲಿ ಸ್ಮಾರ್ಟ್‌ಫೋನ್ ಬಂದ ಡಬ್ಬವನ್ನು ಇನ್ನೂ ಎಸೆಯದೆ ಇಟ್ಟಿದ್ದರೆ ಒಮ್ಮೆ ಕೈಗೆತ್ತಿಕೊಳ್ಳಿ. ಮುಂದೆ ಫೋನ್ ಕಂಪೆನಿಯ ಹೆಸರು ದೊಡ್ಡದಾಗಿ ಇರುತ್ತದೆ. ಹಿಂದೆಯೋ ಮಗ್ಗುಲಲ್ಲೋ ಸಣ್ಣ ಅಕ್ಷರದಲ್ಲಿ ಸ್ನ್ಯಾಪ್‌ಡ್ರಾಗನ್, ಡೈಮೆನ್ಸಿಟಿ, ಹೀಲಿಯೊ, ಯುನಿಸಾಕ್ ಅಂತ ಏನಾದರೊಂದು ಕಾಣಬಹುದು. ಅದು ಒಳಗಿನ ಚಿಪ್ಪಿನ ಹೆಸರು. ಸ್ನ್ಯಾಪ್‌ಡ್ರಾಗನ್ ಅಮೆರಿಕದ ಕ್ವಾಲ್‌ಕಾಮ್ ಕಂಪೆನಿಯದ್ದು. ಡೈಮೆನ್ಸಿಟಿ ಮತ್ತು ಹೀಲಿಯೊ ತೈವಾನಿನ ಮೀಡಿಯಾಟೆಕ್‌ನವು. ಯುನಿಸಾಕ್ ಚೀನಾದ್ದು. ಅಂಗಡಿಯಲ್ಲಿ ಒಂದರ ಪಕ್ಕ ಒಂದು ಕುಳಿತು ಪೈಪೋಟಿ ಮಾಡುವ ಎರಡು ಕಂಪೆನಿಗಳ ಫೋನುಗಳ ಒಳಗೆ ಒಂದೇ ಚಿಪ್ ಇರುವುದೂ ಉಂಟು.

ಹಾಗಾದರೆ ಇವರೆಲ್ಲ ಗೆಳೆಯರೋ ಎದುರಾಳಿಗಳೋ? ಆಪಲ್ ಕಂಪೆನಿ 2017ರಲ್ಲಿ ಕ್ವಾಲ್‌ಕಾಮ್ ಮೇಲೆ ಕೋರ್ಟಿಗೆ ಹೋಯಿತು. ಆ ಹೊತ್ತಿಗೂ ಆಪಲ್‌ನ ಐಫೋನುಗಳಲ್ಲಿ ಕ್ವಾಲ್‌ಕಾಮ್ ಚಿಪ್ ಇತ್ತು! ಎರಡು ವರ್ಷ ಕಾದಾಡಿ, 2019ರಲ್ಲಿ ಒಂದೇ ದಿನದಲ್ಲಿ ರಾಜಿಯಾದರು. ಯಾಕೆ ಹೀಗಾಯಿತು ಎಂದು ತಿಳಿಯಬೇಕಾದರೆ ಸ್ವಲ್ಪ ಭೌತವಿಜ್ಞಾನ ಬೇಕು, ಸ್ವಲ್ಪ ಶೇಕಡಾ ಲೆಕ್ಕವೂ ಬೇಕು. ಎರಡೂ ನಿಮಗೆ ಗೊತ್ತಿರುವುದೇ.

ಮೊದಲು ಮೋಡೆಮ್ ಎಂದರೇನು ನೋಡೋಣ. ನೀವು ಫೋನಿನಲ್ಲಿ ಮಾತಾಡಿದಾಗ ಧ್ವನಿ ಮೊದಲು 0 ಮತ್ತು 1ರ ಸಾಲಾಗುತ್ತದೆ. ಆ ಸಾಲನ್ನು ರೇಡಿಯೊ ತರಂಗದ ಮೇಲೆ ಏರಿಸಿ ಕಳಿಸಬೇಕು. ಟವರಿನಿಂದ ಬಂದ ತರಂಗದಿಂದ 0 ಮತ್ತು 1ನ್ನು ಮತ್ತೆ ಇಳಿಸಿಕೊಳ್ಳಬೇಕು. ಏರಿಸುವುದು ಮಾಡ್ಯುಲೇಷನ್, ಇಳಿಸುವುದು ಡಿಮಾಡ್ಯುಲೇಷನ್. ಎರಡರ ಮೊದಲಕ್ಷರಗಳು ಸೇರಿ ಮೋಡೆಮ್ ಎಂಬ ಹೆಸರಾಯಿತು. ಫೋನಿನ ಕ್ಯಾಮೆರಾ ಕೆಟ್ಟರೂ ಫೋನ್ ಫೋನೇ. ಮೋಡೆಮ್ ಕೆಟ್ಟರೆ ಅದು ದುಬಾರಿ ಕೈಗಡಿಯಾರ ಅಷ್ಟೇ.

ಆದರೆ ಒಂದು ತುದಿಯಲ್ಲಿ ಎಷ್ಟೇ ಒಳ್ಳೆಯ ಮೋಡೆಮ್ ಇಟ್ಟರೂ ಇನ್ನೊಂದು ತುದಿಗೆ ಅದೇ ಭಾಷೆ ಗೊತ್ತಿಲ್ಲದಿದ್ದರೆ ಪ್ರಯೋಜನವಿಲ್ಲ. ಟವರಿನ ಯಂತ್ರ ಸ್ವೀಡನ್ನಿನ ಎರಿಕ್ಸನ್ ಅಥವಾ ಫಿನ್‌ಲ್ಯಾಂಡಿನ ನೋಕಿಯಾದ್ದಿರಬಹುದು, ಫೋನು ಕೊರಿಯಾದ್ದು, ಚಿಪ್ ತೈವಾನಿನದ್ದು. ತಲಪಾಡಿ, ಮಂಜೇಶ್ವರದ ಕಡೆಯ ಮಕ್ಕಳಿಗೆ ಇದು ಹೇಳಬೇಕಾಗಿಯೇ ಇಲ್ಲ. ಮನೆ ಕೇರಳದಲ್ಲಿ, ಫೋನು ಹಿಡಿಯುವುದು ಕರ್ನಾಟಕದ ಟವರು. ಒಂದು ಕಾಲದಲ್ಲಿ ಮನೆಯ ಚಾವಡಿಯಲ್ಲಿ ಕೂತವರಿಗೇ ರೋಮಿಂಗ್ ದುಡ್ಡು ಬೀಳುತ್ತಿತ್ತು. ದುಡ್ಡಿನ ಮಾತು ಬಿಡಿ, ಫೋನು ಯಾವ ಟವರಿನ ಜೊತೆಗೂ ಮಾತಾಡಬಲ್ಲದು ಎಂಬುದೇ ದೊಡ್ಡ ಸಂಗತಿ. ಇದಕ್ಕೆ ಕಾರಣ ಎಲ್ಲರೂ ಒಪ್ಪಿದ ನಿಯಮಗಳ ಒಂದು ಕಟ್ಟು. ಅದಕ್ಕೆ ಮಾನಕ ಎನ್ನುತ್ತೇವೆ.

ಮಾನಕ ಒಬ್ಬರಿಂದ ಆಗುವ ಕೆಲಸ ಅಲ್ಲ. 1987ರ ಸೆಪ್ಟೆಂಬರ್ 7ರಂದು ಯುರೋಪಿನ 13 ದೇಶಗಳು ಜಿಎಸ್‌ಎಂ ಎಂಬ ಒಂದೇ ಪದ್ಧತಿಯನ್ನು ಕಟ್ಟುವುದಾಗಿ ಒಪ್ಪಂದಕ್ಕೆ ಸಹಿ ಹಾಕಿದವು. ಫಿನ್‌ಲ್ಯಾಂಡಿನಲ್ಲಿ ನೋಕಿಯಾ ಉಪಕರಣಗಳಿದ್ದ ಜಾಲದ ಮೇಲೆ 1991ರ ಜುಲೈ 1ರಂದು ಜಿಎಸ್‌ಎಂನ ಮೊದಲ ಕರೆ ಹೋಯಿತು. ನಮ್ಮ ದೇಶದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು. ಕಲ್ಕತ್ತೆಯಿಂದ ಜ್ಯೋತಿ ಬಸು ದೆಹಲಿಯಲ್ಲಿದ್ದ ಸುಖ್‌ರಾಮ್‌ಗೆ ಮಾಡಿದ್ದು, ಅದೂ ಜಿಎಸ್‌ಎಂನಲ್ಲೇ. 1998ರ ಡಿಸೆಂಬರಿನಿಂದ ಈ ನಿಯಮ ಬರೆಯುವ ಕೆಲಸವನ್ನು ‘3ಜಿಪಿಪಿ’ ಎಂಬ ಒಕ್ಕೂಟ ನೋಡಿಕೊಳ್ಳುತ್ತಿದೆ. ಭಾರತದ ಮಾನಕ ಸಂಸ್ಥೆಯೂ ಅದರಲ್ಲಿ ಪಾಲುದಾರ. ಹಗಲು ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆಯುವ ಕಂಪೆನಿಗಳ ಇಂಜಿನಿಯರುಗಳು ಅಲ್ಲಿ ಒಂದೇ ಮೇಜಿನ ಸುತ್ತ ಕೂತು ನಿಯಮ ಬರೆಯುತ್ತಾರೆ.

ಬ್ಲೂಟೂತ್ ಹುಟ್ಟಿದ್ದೂ ಹೀಗೆಯೇ. 1998ರಲ್ಲಿ ಎರಿಕ್ಸನ್, ನೋಕಿಯಾ, ಇಂಟೆಲ್, ಐಬಿಎಂ, ತೋಶಿಬಾ ಎಂಬ ಐದು ಕಂಪೆನಿಗಳು ಸೇರಿ ಕೂಟ ಕಟ್ಟಿದವು. ಹೆಸರು ಬಂದದ್ದು ಹತ್ತನೆಯ ಶತಮಾನದ ಒಬ್ಬ ಡೆನ್ಮಾರ್ಕ್ ರಾಜನಿಂದ. ಆ ಮೇಜಿನಲ್ಲಿ ದೊಡ್ಡ ಜಗಳ ಆಗಲಿಲ್ಲ, ಯಾಕೆಂದರೆ ಸದಸ್ಯರಿಗೆ ತಮ್ಮ ಪೇಟೆಂಟುಗಳನ್ನು ರಾಯಲ್ಟಿ ಇಲ್ಲದೆ ಬಳಸಲು ಬಿಡುವುದೆಂದು ಮೊದಲೇ ಒಪ್ಪಿದ್ದರು. ಮೊಬೈಲ್ ಮೇಜಿನಲ್ಲಿ ಅಷ್ಟು ಸುಲಭ ಇರಲಿಲ್ಲ.

ಯಾಕೆ? ಅಲ್ಲಿಯೇ ಕ್ವಾಲ್‌ಕಾಮ್ ಕತೆ ಬರುತ್ತದೆ.

ಒಂದು ಊರಿನ ಟವರಿಗೆ ಸಿಗುವ ತರಂಗಗಳ ಆವೃತ್ತಿ ಸ್ವಲ್ಪವೇ. ಮಾತಾಡುವ ಜನ ಬಹಳ. ಹಂಚುವುದು ಹೇಗೆ? ಜಿಎಸ್‌ಎಂ ಆರಿಸಿದ್ದು ಸಮಯವನ್ನು ಹಂಚುವ ದಾರಿ. ಒಂದೇ ಆವೃತ್ತಿಯನ್ನು ಎಂಟು ಜನರಿಗೆ ಸರದಿಯಂತೆ ಕೊಡುವುದು. ಸರದಿ ಎಷ್ಟು ಬೇಗ ಬರುತ್ತದೆಂದರೆ ನಡುವೆ ತುಂಡಾದದ್ದು ಕಿವಿಗೆ ಗೊತ್ತೇ ಆಗುವುದಿಲ್ಲ. ಇನ್ನೊಂದು ದಾರಿ ಸಿಡಿಎಂಎ. ಅದರಲ್ಲಿ ಎಲ್ಲರೂ ಒಂದೇ ಆವೃತ್ತಿಯಲ್ಲಿ, ಒಂದೇ ಹೊತ್ತಿಗೆ ಮಾತಾಡುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಸಂಕೇತ ಮಾತ್ರ ಬೇರೆ.

ಇದನ್ನು ಕಾಸರಗೋಡಿನವರಿಗೆ ವಿವರಿಸುವುದು ಸುಲಭ. ಸಂಜೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತುಕೊಳ್ಳಿ. ಇಬ್ಬರು ತುಳುವಿನಲ್ಲಿ, ಇಬ್ಬರು ಮಲಯಾಳದಲ್ಲಿ, ಆಚೆ ಬ್ಯಾರಿ, ಈಚೆ ಕೊಂಕಣಿ, ಕನ್ನಡ. ಎಲ್ಲವೂ ಒಟ್ಟಿಗೇ ಕಿವಿಗೆ ಬೀಳುತ್ತದೆ. ಆದರೂ ತುಳು ಬಲ್ಲವನಿಗೆ ತುಳು ಮಾತು ಬೇರೆಯಾಗಿ ಕೇಳುತ್ತದೆ, ಉಳಿದದ್ದು ಬರೀ ಗದ್ದಲ. ಸಿಡಿಎಂಎ ಫೋನು ಮಾಡುವುದೂ ಅಷ್ಟೇ. ತನ್ನ ಸಂಕೇತವನ್ನು ಮಾತ್ರ ಹೆಕ್ಕಿಕೊಂಡು ಉಳಿದದ್ದನ್ನು ಗದ್ದಲ ಎಂದು ಬಿಡುತ್ತದೆ. ಆದರೆ ಒಂದು ಅಪಾಯ ಉಂಟು. ಪಕ್ಕದಲ್ಲಿ ಒಬ್ಬ ಗಂಟಲು ಹರಿಯುವಂತೆ ಕೂಗಿದರೆ ಯಾವ ಭಾಷೆಯೂ ಕೇಳುವುದಿಲ್ಲ. ಟವರಿನ ಬುಡದಲ್ಲಿರುವ ಫೋನು ಹಾಗೆ ಕೂಗಿದರೆ ದೂರದ ಗುಡ್ಡದಲ್ಲಿರುವವನ ದನಿ ಮುಳುಗಿಹೋಗುತ್ತದೆ. ಅದಕ್ಕೆ ಟವರು ಪ್ರತಿ ಫೋನಿಗೂ ಸೆಕೆಂಡಿಗೆ 800 ಸಲ ‘ಸ್ವಲ್ಪ ಮೆಲ್ಲಗೆ’, ‘ಸ್ವಲ್ಪ ಜೋರಾಗಿ’ ಎಂದು ಹೇಳುತ್ತಲೇ ಇರಬೇಕು.

ಸಂಕೇತದಿಂದ ಬೇರ್ಪಡಿಸುವ ಉಪಾಯ ಸೈನ್ಯದ ರೇಡಿಯೊಗಳಲ್ಲಿ ಮೊದಲೇ ಇತ್ತು. ಅದನ್ನು ಸಾಮಾನ್ಯ ಜನರ ಮೊಬೈಲಿಗೆ ತಂದವರಲ್ಲಿ ಮುಖ್ಯರು ಕ್ವಾಲ್‌ಕಾಮ್‌ನವರು. ಅರ್ವಿನ್ ಜೇಕಬ್ಸ್, ಆಂಡ್ರ್ಯೂ ವಿಟರ್ಬಿ ಮತ್ತು ಇನ್ನೂ ಐವರು 1985ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಅದನ್ನು ಶುರು ಮಾಡಿದರು. 1989ರಲ್ಲಿ ಅವರು ಸಿಡಿಎಂಎ ತೋರಿಸುವ ಹೊತ್ತಿಗೆ ಯುರೋಪು ಜಿಎಸ್‌ಎಂಗೆ ಒಪ್ಪಿಯಾಗಿತ್ತು. ಅಮೆರಿಕದ ಉದ್ಯಮವೂ ಸಮಯ ಹಂಚುವ ದಾರಿಯ ಕಡೆಗೇ ವಾಲಿತ್ತು. ಹೊಸಬರ ಮಾತು ಕೇಳುವವರು ಯಾರು? ಚಿಪ್ ಮಾಡಿದರೆ ಅದನ್ನು ಹಾಕಲು ಫೋನಿಲ್ಲ, ಫೋನು ಮಾಡಿದರೆ ಟವರಿಲ್ಲ. ಕೊನೆಗೆ ಕ್ವಾಲ್‌ಕಾಮ್ ಮೂರನ್ನೂ ತಾನೇ ಮಾಡಿತು. ಫೋನಿಗೆ ಸೋನಿಯ ಜೊತೆ ಜಂಟಿ ಕಂಪೆನಿ ಕಟ್ಟಿತು. 1993ರಲ್ಲಿ ಸಿಡಿಎಂಎ ಅಮೆರಿಕದಲ್ಲಿ ಮಾನಕವಾಯಿತು, 1995ರಲ್ಲಿ ಹಾಂಗ್‌ಕಾಂಗ್‌ನಲ್ಲಿ ವಾಣಿಜ್ಯ ಸೇವೆ ಬಂತು, 1996ರಲ್ಲಿ ದಕ್ಷಿಣ ಕೊರಿಯಾದಲ್ಲಿ. ಕೊರಿಯಾ ಸರಕಾರ ಇಡೀ ದೇಶಕ್ಕೆ ಇದೇ ಸಾಕೆಂದು ಆರಿಸಿದ್ದು ಕ್ವಾಲ್‌ಕಾಮ್‌ಗೆ ಸಿಕ್ಕ ದೊಡ್ಡ ಬೆಂಬಲ. ಸ್ಯಾಮ್‌ಸಂಗ್, ಎಲ್‌ಜಿ ಮೊಬೈಲ್ ಮಾಡುವುದರಲ್ಲಿ ಪಳಗಿದ್ದಕ್ಕೂ ಇದು ಒಂದು ಕಾರಣ.

ನಮ್ಮಲ್ಲಿ 2003ರ ಮಳೆಗಾಲದಲ್ಲಿ ರಿಲಯನ್ಸ್‌ನವರು 501 ರೂಪಾಯಿ ಮುಂಗಡಕ್ಕೆ ಕೊಟ್ಟ ಫೋನುಗಳು ಇದೇ ಸಿಡಿಎಂಎಯವು. ಮನೆಯಲ್ಲಿ ದೊಡ್ಡವರನ್ನು ಕೇಳಿ ನೋಡಿ, ನೆನಪಿರುತ್ತದೆ. ಅವುಗಳಲ್ಲಿ ಹೆಚ್ಚಿನವಕ್ಕೆ ಸಿಮ್ ಇರಲಿಲ್ಲ, ನಂಬರು ಫೋನಿನೊಳಗೇ ಕೂತಿರುತ್ತಿತ್ತು. ಕಂಪೆನಿ ಬದಲಾಯಿಸಬೇಕಾದರೆ ಫೋನನ್ನೇ ಬದಲಾಯಿಸಬೇಕಿತ್ತು.

ಈಗ ಈ ಪಾಠದ ಒಂದು ಮುಖ್ಯ ತಿರುವು. ಗೆಲ್ಲತೊಡಗಿದ ಮೇಲೆ ಕ್ವಾಲ್‌ಕಾಮ್ ತನ್ನ ಟವರ್ ವ್ಯಾಪಾರವನ್ನು 1999ರಲ್ಲಿ ಎರಿಕ್ಸನ್‌ಗೆ ಮಾರಿತು. ಫೋನ್ ವ್ಯಾಪಾರವನ್ನು 2000ದಲ್ಲಿ ಜಪಾನಿನ ಕ್ಯೊಸೆರಾಗೆ ಮಾರಿತು. ನಡೆಯುತ್ತಿರುವ ವ್ಯಾಪಾರವನ್ನು ಯಾರಾದರೂ ಮಾರುತ್ತಾರಾ? ಯೋಚಿಸಿ. ಸ್ಯಾಮ್‌ಸಂಗ್‌ಗೆ ಚಿಪ್ ಮಾರುವವನೇ ಪಕ್ಕದಲ್ಲಿ ಫೋನ್ ಅಂಗಡಿ ಇಟ್ಟರೆ ಸ್ಯಾಮ್‌ಸಂಗ್‌ಗೆ ಅವನ ಮೇಲೆ ನಂಬಿಕೆ ಬರುವುದಿಲ್ಲ. ಗಿರಾಕಿಯ ಎದುರಾಳಿ ಆಗದೆ, ಎಲ್ಲ ಎದುರಾಳಿಗಳಿಗೂ ಬೇಕಾದವನಾಗಿ ಉಳಿಯುವುದು ಅವರ ಉಪಾಯ. ಅವರ ಕೈಯಲ್ಲಿ ಉಳಿದದ್ದು ಎರಡು: ಚಿಪ್ಪು ಮತ್ತು ಪೇಟೆಂಟು. 3ಜಿ ಬಂದಾಗ ಜಿಎಸ್‌ಎಂ ಬಳಗವೂ ಸಂಕೇತದ ದಾರಿಗೇ ಬಂತು. ಆಗ ಸಿಡಿಎಂಎಯನ್ನು ಬೇಡವೆಂದಿದ್ದ ದೇಶಗಳ ಫೋನಿನವರೂ ಕ್ವಾಲ್‌ಕಾಮ್‌ಗೆ ದುಡ್ಡು ಕಟ್ಟಬೇಕಾಯಿತು. ನೋಕಿಯಾ ಇದಕ್ಕಾಗಿ ದೊಡ್ಡ ಜಗಳ ಮಾಡಿ 2008ರ ಜುಲೈಯಲ್ಲಿ ರಾಜಿಯಾಯಿತು.

ಪೇಟೆಂಟ್ ಎಂದರೆ ಹೊಸತನ್ನು ಕಂಡುಹಿಡಿದವನಿಗೆ ಸಾಮಾನ್ಯವಾಗಿ 20 ವರ್ಷದ ಮಟ್ಟಿಗೆ ಕಾನೂನು ಕೊಡುವ ಹಕ್ಕು. ಬೇರೆಯವರು ಬಳಸಬೇಕಾದರೆ ರಾಯಲ್ಟಿ ಕೊಡಬೇಕು. ಸಾಮಾನ್ಯ ಪೇಟೆಂಟ್ ಆದರೆ ದಾರಿ ತಪ್ಪಿಸಿ ಹೋಗಬಹುದು, ಬೇರೆ ಉಪಾಯ ಹುಡುಕಬಹುದು. ಆದರೆ ಮಾನಕದೊಳಗೇ ಸೇರಿದ ಪೇಟೆಂಟನ್ನು ತಪ್ಪಿಸಲು ಬರುವುದಿಲ್ಲ. ತಪ್ಪಿಸಿದರೆ ಟವರಿಗೆ ನಿಮ್ಮ ಭಾಷೆ ತಿಳಿಯುವುದಿಲ್ಲವಲ್ಲ! ಅದಕ್ಕೇ ಇಂಥ ಪೇಟೆಂಟ್ ಇದ್ದವರು ನ್ಯಾಯವಾದ, ತಾರತಮ್ಯವಿಲ್ಲದ ದರಕ್ಕೆ ಎಲ್ಲರಿಗೂ ಕೊಡುತ್ತೇವೆಂದು ಮಾನಕದ ಮೇಜಿನಲ್ಲಿ ಮಾತು ಕೊಡಬೇಕು. ನ್ಯಾಯವಾದ ದರ ಎಷ್ಟು ಎಂಬುದನ್ನು ಮಾತ್ರ ಅಲ್ಲಿ ಬರೆದಿರುವುದಿಲ್ಲ. ಜಗಳವೆಲ್ಲ ಆ ಖಾಲಿ ಜಾಗದಲ್ಲಿ.

ಆಪಲ್‌ನ ಜಗಳವೂ ಅದೇ. ಆಪಲ್‌ನ ಹಿರಿಯ ಅಧಿಕಾರಿ ಜೆಫ್ ವಿಲಿಯಮ್ಸ್ 2019ರ ಜನವರಿಯಲ್ಲಿ ಕೋರ್ಟಿನಲ್ಲಿ ಹೇಳಿದ ಲೆಕ್ಕ ನೋಡಿ. ಮೋಡೆಮ್ ಚಿಪ್ಪಿನ ಬೆಲೆ ಸುಮಾರು 30 ಡಾಲರ್, ಅದರ ಶೇ. 5 ಎಂದರೆ ಒಂದೂವರೆ ಡಾಲರ್, ಅಷ್ಟು ರಾಯಲ್ಟಿ ಸರಿ ಎಂಬುದು ಆಪಲ್ ವಾದ. ಕಡೆಗೆ ಒಪ್ಪಿ ಕೊಡಬೇಕಾದದ್ದು ಒಂದು ಫೋನಿಗೆ ಏಳೂವರೆ ಡಾಲರ್. ಐದು ಪಟ್ಟು! ಕ್ವಾಲ್‌ಕಾಮ್ ದರ ಕಟ್ಟುತ್ತಿದ್ದದ್ದು ಚಿಪ್ಪಿನ ಬೆಲೆಯ ಮೇಲಲ್ಲ, ಇಡೀ ಫೋನಿನ ಬೆಲೆಯ ಆಧಾರದಲ್ಲಿ. ಇದು ಇಡ್ಲಿ ಹಿಟ್ಟಿನ ಗ್ರೈಂಡರ್ ಮಾರಿದವ ಹೋಟೆಲಿನ ಒಟ್ಟು ಬಿಲ್ಲಿನಲ್ಲಿ ಪಾಲು ಕೇಳಿದ ಹಾಗೆ ಎಂದು ನಿಮಗೆ ಅನ್ನಿಸಬಹುದು. ಕ್ವಾಲ್‌ಕಾಮ್ ಕಡೆಯ ಮಾತೂ ಉಂಟು: ನಮ್ಮ ಶೋಧನೆ ಬರೀ ಆ ಚಿಪ್ಪಿನೊಳಗಿಲ್ಲ, ಜಾಲವಿಡೀ ಅದರ ಮೇಲೆ ನಿಂತಿದೆ, ಜಾಲವಿಲ್ಲದ ಐಫೋನಿಗೆ ಆ ಬೆಲೆ ಯಾರು ಕೊಡುತ್ತಿದ್ದರು? ಎರಡೂ ವಾದದಲ್ಲಿ ಸತ್ವ ಇದೆ. ನನಗೆ ಹೆಚ್ಚು ತೊಡಕಾಗಿ ಕಾಣುವುದು ಕ್ವಾಲ್‌ಕಾಮ್‌ನ ಇನ್ನೊಂದು ಷರತ್ತು. ಮೊದಲು ಪೇಟೆಂಟ್ ಪರವಾನಗಿ ತೆಗೆದುಕೊಂಡರೆ ಮಾತ್ರ ಚಿಪ್ ಮಾರುತ್ತೇವೆ ಎಂಬುದು. ದರ ಹೆಚ್ಚಾಯಿತೆಂದು ವಾದಿಸಹೊರಟವನಿಗೆ ಚಿಪ್ಪೇ ನಿಂತುಹೋಗುವ ಭಯ. ಅಮೆರಿಕದ ವ್ಯಾಪಾರ ಆಯೋಗ 2017ರ ಜನವರಿಯಲ್ಲಿ ಇದೇ ವಿಷಯಕ್ಕೆ ದಾವೆ ಹೂಡಿತು. 2019ರಲ್ಲಿ ಕೆಳಗಿನ ಕೋರ್ಟು ಕ್ವಾಲ್‌ಕಾಮ್ ತಪ್ಪು ಎಂದಿತು. 2020ರಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು.

ಕರ್ನಾಟಕಕ್ಕೂ ಈ ಜಗಳಕ್ಕೂ ಒಂದು ಎಳೆ ಇದೆ. ಆಪಲ್ ಐಫೋನನ್ನು ತಾನೇ ಜೋಡಿಸುವುದಿಲ್ಲ. ಫಾಕ್ಸ್‌ಕಾನ್, ಪೆಗಾಟ್ರಾನ್, ವಿಸ್ಟ್ರಾನ್ ಮುಂತಾದ ತೈವಾನ್ ಕಂಪೆನಿಗಳು ಜೋಡಿಸುತ್ತಿದ್ದವು. ಕ್ವಾಲ್‌ಕಾಮ್‌ನ ಪರವಾನಗಿ ಇದ್ದದ್ದು ಆಪಲ್ ಹೆಸರಿನಲ್ಲಲ್ಲ, ಇವರ ಹೆಸರಿನಲ್ಲಿ. ಇವರು ಕಟ್ಟುತ್ತಿದ್ದರು, ಆಪಲ್ ಇವರಿಗೆ ತುಂಬಿಕೊಡುತ್ತಿತ್ತು. 2017ರಲ್ಲಿ ಆಪಲ್ ತುಂಬಿಕೊಡುವುದನ್ನು ನಿಲ್ಲಿಸಿತು, ಇವರೂ ಕಟ್ಟುವುದನ್ನು ನಿಲ್ಲಿಸಿದರು. ಅದೇ ವಿಸ್ಟ್ರಾನ್ ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿತ್ತು. 2023ರಲ್ಲಿ ಟಾಟಾದವರು ಆ ಕಾರ್ಖಾನೆಯನ್ನು ಕೊಂಡುಕೊಂಡರು. ಹೊಸೂರಿನ ಕಡೆ ಐಫೋನಿನ ಬಿಡಿಭಾಗ ಮಾಡುವುದೂ ಟಾಟಾದವರೇ.

ಇನ್ನು ಇಂಟೆಲ್. ಒಬ್ಬನೇ ಮಾರುವವ ಇದ್ದರೆ ಅವನು ಹೇಳಿದ್ದೇ ಬೆಲೆ, ಸಂತೆಗೆ ಹೋದವರಿಗೆಲ್ಲ ಇದು ಗೊತ್ತು. ಮೊದಲ ಐಫೋನುಗಳಲ್ಲಿ ಜರ್ಮನಿಯ ಇನ್ಫಿನಿಯನ್ ಮೋಡೆಮ್ ಇತ್ತು. ಆ ವಿಭಾಗವನ್ನು ಕಂಪ್ಯೂಟರ್ ಚಿಪ್ಪಿನ ದೊರೆ ಇಂಟೆಲ್ 140 ಕೋಟಿ ಡಾಲರಿಗೆ ಕೊಳ್ಳುವುದಾಗಿ 2010ರಲ್ಲಿ ಹೇಳಿತು. ಅಷ್ಟರಲ್ಲಿ ಆಪಲ್ ಕ್ವಾಲ್‌ಕಾಮ್ ಕಡೆ ತಿರುಗಿತ್ತು. ಮೋಡೆಮನ್ನು ತಮ್ಮಿಂದ ಮಾತ್ರ ಕೊಂಡರೆ ಇಷ್ಟು ಎಂದು ಕ್ವಾಲ್‌ಕಾಮ್ ಆಪಲ್‌ಗೇ ದುಡ್ಡು ಕೊಡುವ ಕರಾರೂ ಇತ್ತು. ಇದು ಇಂಟೆಲನ್ನು ಹೊರಗಿಡುವ ಉಪಾಯ ಎಂದು ಯುರೋಪಿನ ಆಯೋಗ 2018ರಲ್ಲಿ 99.7 ಕೋಟಿ ಯೂರೊ ದಂಡ ಹಾಕಿತು. 2022ರಲ್ಲಿ ಅಲ್ಲಿನ ನ್ಯಾಯಾಲಯ ಆ ದಂಡವನ್ನು ರದ್ದು ಮಾಡಿತು.

2016ರ ಐಫೋನ್ 7ರಲ್ಲಿ ಆಪಲ್ ಇಬ್ಬರ ಮೋಡೆಮನ್ನೂ ಹಾಕಿತು. ಕೆಲವು ಫೋನಿಗೆ ಕ್ವಾಲ್‌ಕಾಮ್‌ನದ್ದು, ಕೆಲವಕ್ಕೆ ಇಂಟೆಲ್‌ನದ್ದು. ಕ್ವಾಲ್‌ಕಾಮ್‌ನದ್ದಕ್ಕೆ ಸೆಕೆಂಡಿಗೆ 600 ಮೆಗಾಬಿಟ್ ಇಳಿಸುವ ಶಕ್ತಿ, ಇಂಟೆಲ್‌ನದ್ದಕ್ಕೆ 450. ನಿಧಾನದ ಚಿಪ್ಪನ್ನು ಯಾಕೆ ಕೊಂಡರು ಎಂದು ಕೇಳಬಹುದು. ಎರಡನೆಯ ಅಂಗಡಿ ತೆರೆದಿರಲಿ ಎಂಬುದಕ್ಕೆ. 2018ರ ಹೊಸ ಐಫೋನುಗಳಲ್ಲಂತೂ ಇಂಟೆಲ್ ಮಾತ್ರ.

ಆದರೆ 5ಜಿ ಹತ್ತಿರ ಬಂದಿತ್ತು. 5ಜಿ ಮೋಡೆಮ್ ಎಂದರೆ 5ಜಿ ಮಾತ್ರ ಬಂದರೆ ಸಾಲದು. 4ಜಿ, 3ಜಿ, 2ಜಿ ಎಲ್ಲ ಬರಬೇಕು. ದೇಶದೇಶಕ್ಕೆ ಬೇರೆ ಆವೃತ್ತಿ, ಎಲ್ಲದರಲ್ಲೂ ಕೆಲಸ ಮಾಡಬೇಕು. ಒಂದೊಂದು ದೇಶದ ಒಂದೊಂದು ಜಾಲದಲ್ಲಿ ಪರೀಕ್ಷೆ ಮಾಡಬೇಕು. ಓಡುವ ರೈಲಿನಲ್ಲಿ ಟವರಿನಿಂದ ಟವರಿಗೆ ದಾಟುವಾಗ ಕರೆ ಕಡಿಯಬಾರದು, ಬ್ಯಾಟರಿಯೂ ತಿನ್ನಬಾರದು. ಇದು ದುಡ್ಡು ಸುರಿದ ಕೂಡಲೇ ಬರುವ ವಿದ್ಯೆ ಅಲ್ಲ, ವರ್ಷಗಟ್ಟಲೆ ಕೂಡಿಟ್ಟದ್ದು. ಇಂಟೆಲ್‌ನ 5ಜಿ ಚಿಪ್ ಹೊತ್ತಿಗೆ ಸರಿಯಾಗಿ ಸಿದ್ಧವಾಗಲಿಲ್ಲ. ಆಪಲ್ ಬಳಿ ಬೇರೆ ದಾರಿ ಉಳಿಯಲಿಲ್ಲ.

2019ರ ಏಪ್ರಿಲ್ 16. ಕೋರ್ಟಿನಲ್ಲಿ ವಿಚಾರಣೆ ಶುರುವಾಗಿದೆ, ಎರಡೂ ಕಡೆಯ ವಕೀಲರು ಎದುರುಬದುರು. ಅದೇ ದಿನ ರಾಜಿ ಪ್ರಕಟವಾಯಿತು. ಆರು ವರ್ಷದ ಪರವಾನಗಿ, ಬೇಕಾದರೆ ಇನ್ನೆರಡು ವರ್ಷ, ಜೊತೆಗೆ ಚಿಪ್ ಪೂರೈಕೆ. ಈ ರಾಜಿಯಿಂದ ಬಂದ ಆದಾಯ 470 ಕೋಟಿ ಡಾಲರ್ ಎಂದು ಕ್ವಾಲ್‌ಕಾಮ್ ಆಮೇಲೆ ತನ್ನ ಲೆಕ್ಕದಲ್ಲಿ ತೋರಿಸಿತು. ರಾಜಿಯಾದ ಕೆಲವೇ ಗಂಟೆಗಳಲ್ಲಿ ಇಂಟೆಲ್, ತಾನು ಫೋನಿನ 5ಜಿ ಮೋಡೆಮ್ ಕೆಲಸ ಬಿಡುತ್ತೇನೆ ಎಂದಿತು. ಒಬ್ಬನೇ ದೊಡ್ಡ ಗಿರಾಕಿ, ಅವನೂ ಎದುರಿನ ಅಂಗಡಿಗೆ ಹೋದ. ಈ ಕತೆಯಲ್ಲಿ ಹೆಚ್ಚು ನೊಂದವರು ಇಂಟೆಲ್‌ನ ಮೋಡೆಮ್ ಇಂಜಿನಿಯರುಗಳೇ ಇರಬೇಕು ಎಂದು ನನಗೆ ಕಾಣುತ್ತದೆ. ಆದರೆ ಜುಲೈಯಲ್ಲಿ ಆಪಲ್ ಆ ವಿಭಾಗದ ಹೆಚ್ಚಿನ ಭಾಗವನ್ನು 100 ಕೋಟಿ ಡಾಲರಿಗೆ ಕೊಂಡಿತು. ಸುಮಾರು 2,200 ಜನ ಇಂಟೆಲ್ ಬಿಟ್ಟು ಆಪಲ್ ಸೇರಿದರು. ಅಲ್ಲಿಂದ ಐದೂವರೆ ವರ್ಷ ಕಳೆದು, 2025ರ ಫೆಬ್ರವರಿಯಲ್ಲಿ ಬಂದ ಐಫೋನ್ 16ಇಯಲ್ಲಿ ಆಪಲ್‌ನ ಸ್ವಂತ ಮೋಡೆಮ್ ಸಿ1 ಇತ್ತು.

ಇಲ್ಲಿ ಒಂದು ಕಡೆ ಹಲವರು ಎಡವುತ್ತಾರೆ. ಸ್ವಂತ ಮೋಡೆಮ್ ಮಾಡಿದ ಮೇಲೆ ಕ್ವಾಲ್‌ಕಾಮ್‌ಗೆ ಏನೂ ಕೊಡಬೇಕಾಗಿಲ್ಲ ಎಂದುಕೊಳ್ಳುತ್ತಾರೆ. ಹಾಗಲ್ಲ. ಉಳಿಯುವುದು ಚಿಪ್ಪಿನ ಬೆಲೆ. ಮಾನಕದೊಳಗಿನ ಪೇಟೆಂಟಿಗೆ ರಾಯಲ್ಟಿ ಬೇರೆ. ಚಿಪ್ ಯಾರೇ ಮಾಡಲಿ, ಅದು ಉಳಿಯುತ್ತದೆ. ಮೀಡಿಯಾಟೆಕ್ ಚಿಪ್ ಇರುವ ಅಗ್ಗದ ಫೋನಿನ ಬೆಲೆಯಲ್ಲೂ ಇಂಥ ಪಾಲುಗಳು ಸೇರಿರುತ್ತವೆ.

ಈಗ ನಿಮ್ಮ ಲೆಕ್ಕ. 5ಜಿ ಫೋನಿಗೆ ಕ್ವಾಲ್‌ಕಾಮ್ ಪ್ರಕಟಿಸಿದ ದರ ಫೋನ್ ಬೆಲೆಯ ಶೇ. 3.25, ಆದರೆ ಬೆಲೆ 400 ಡಾಲರಿಗಿಂತ ಎಷ್ಟೇ ಹೆಚ್ಚಿದ್ದರೂ 400 ಎಂದೇ ಲೆಕ್ಕ. ಎರಿಕ್ಸನ್ 2017ರಲ್ಲಿ ಹೇಳಿದ ದರ ದುಬಾರಿ ಫೋನಿಗೆ 5 ಡಾಲರ್, ತೀರ ಅಗ್ಗದ್ದಕ್ಕೆ 2.50 ಡಾಲರ್. ನೋಕಿಯಾ 2018ರಲ್ಲಿ ಹೇಳಿದ್ದು ಫೋನೊಂದಕ್ಕೆ ಹೆಚ್ಚೆಂದರೆ 3 ಯೂರೊ. ಇವು ಪಟ್ಟಿಯ ದರಗಳು, ಚೌಕಾಸಿ ಬೇರೆ. 100, 400 ಮತ್ತು 1,000 ಡಾಲರಿನ ಮೂರು ಫೋನು ತೆಗೆದುಕೊಂಡು, ಕ್ವಾಲ್‌ಕಾಮ್ ಮತ್ತು ಎರಿಕ್ಸನ್ ಇಬ್ಬರಿಗೂ ಎಷ್ಟೆಷ್ಟು ಹೋಗುತ್ತದೆ ಎಂದು ಕೋಷ್ಟಕ ಮಾಡಿ. 100 ಡಾಲರಿನದ್ದನ್ನು ಅಗ್ಗದ ಫೋನೆಂದೂ ಉಳಿದೆರಡನ್ನು ದುಬಾರಿಯೆಂದೂ ಇಟ್ಟುಕೊಳ್ಳಿ. ಆಮೇಲೆ ಒಟ್ಟು ಮೊತ್ತ ಆಯಾ ಫೋನಿನ ಬೆಲೆಯ ಶೇಕಡಾ ಎಷ್ಟು ಎಂದು ಗ್ರಾಫ್ ಎಳೆಯಿರಿ. ಗೆರೆ ಯಾವ ಕಡೆಗೆ ಇಳಿಯುತ್ತದೆ, ಹೆಚ್ಚು ಭಾರ ಬೀಳುವುದು ಅಗ್ಗದ ಫೋನ್ ಕೊಳ್ಳುವವನಿಗೋ ದುಬಾರಿ ಫೋನ್ ಕೊಳ್ಳುವವನಿಗೋ? ಕ್ವಾಲ್‌ಕಾಮ್ ಆ 400ರ ಮಿತಿ ಇಡದೆ ಇದ್ದಿದ್ದರೆ ಗೆರೆ ಹೇಗಿರುತ್ತಿತ್ತು? ತರಗತಿಯಲ್ಲಿ ಎರಡು ಗುಂಪಾಗಿ, ಒಂದು ಗುಂಪು ಫೋನ್ ಮಾಡುವವರ ಕಡೆ, ಇನ್ನೊಂದು ಪೇಟೆಂಟ್ ಇದ್ದವರ ಕಡೆ ವಾದಿಸಿ. ಗ್ರಾಫನ್ನು ಸಾಕ್ಷಿಯಾಗಿ ಇಡಿ.